ಬಂಡಿ ಜಾಡಿನಲ್ಲಿ ಸೈಕಲ್ ಸವಾರಿ

ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟರೆ ಸುಮಾರು 20 ಕಿ.ಮೀ. ದೂರದಲ್ಲಿ ಹೆಬ್ಬೂರು ಸಿಗುತ್ತದೆ. ಹೋಬಳಿ ಕೇಂದ್ರವಾದ ಈ ಊರಿನಲ್ಲಿ ಬೆಳಗಿನ ಹೊತ್ತು ರಸ್ತೆ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಎರಡು ಬಗೆಯ ಪ್ರಯಾಣ ಕಣ್ಣಿಗೆ ಬೀಳುತ್ತದೆ. ಒಂದು ಡಾಂಬರು ರಸ್ತೆಯ ಮೇಲಿನದು. ಬಸ್ಸು, ಲಾರಿ, ಕಾರುಗಳು ಊರನ್ನು ಊರೆಂದೇ ಲೆಕ್ಕಿಸದೆ ಧಾವಿಸುತ್ತವೆ. ಇನ್ನೊಂದು ಅಷ್ಟಾಗಿ ಗಮನಕ್ಕೆ ಬಾರದ್ದು. ಸೈಕಲ್ಲಿನ ಕ್ಯಾರಿಯರ್‌ಗೆ ಹುಲ್ಲಿನ ಹೊರೆ ಕಟ್ಟಿಕೊಂಡ ಹಿರಿಯರೊಬ್ಬರು ರಸ್ತೆಯ ಅಂಚಿನಲ್ಲಿ ನೂರು ಗಜ ಬರುತ್ತಾರೆ. ಹುಣಸೆ ಮರದ ಪಕ್ಕ ಕೆಳಕ್ಕೆ ಇಳಿಯುತ್ತಾರೆ. ತೆಂಗಿನ ತೋಟಗಳ ನಡುವೆ ಮಾಯವಾಗುತ್ತಾರೆ.

ಅವರು ಹೋದದ್ದು ಎಲ್ಲಿಗೆ? ಅಲ್ಲೊಂದು ದಾರಿ ಇದೆ ಎಂದು ತಿಳಿಯುವುದು ಹತ್ತಿರ ಹೋಗಿ ನೋಡಿದಾಗ ಮಾತ್ರ. ಎರಡು ಗಾಲಿಯ ಗುರುತು, ನಡುವೆ ಗರಿಕೆ ಬೆಳೆದ ದಿಬ್ಬ, ಎರಡೂ ಬದಿಗೆ ಕತ್ತಾಳೆ ಬೇಲಿ. ಡಾಂಬರು ರಸ್ತೆ ಸುತ್ತಿ ಬಳಸಿ ತಲುಪುವ ಊರಿಗೆ ಇದು ನೇರವಾಗಿ ಹೋಗುತ್ತದೆ.

ಇಂಥ ದಾರಿಗಳಲ್ಲಿ ಸೈಕಲ್ ತುಳಿಯುವುದು ಈಗ ನಗರದ ಹುಡುಗರಿಗೆ ಹೊಸ ಹವ್ಯಾಸ. ರಜೆಯ ದಿನ ದಪ್ಪ ಚಕ್ರದ, ಗೇರಿನ ಸೈಕಲ್ಲುಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ಹಳ್ಳಿಗಾಡಿಗೆ ಬರುವವರು ಹೆಚ್ಚುತ್ತಿದ್ದಾರೆ. ಆದರೆ ಹಳ್ಳಿಯವರಿಗೆ ಇದು ಹವ್ಯಾಸವಲ್ಲ, ದಿನನಿತ್ಯದ ಓಡಾಟ. ಇಬ್ಬರಿಗೂ ಬೇಕಾದ ಈ ದಾರಿಗಳು ಹುಟ್ಟಿದ್ದು ಹೇಗೆ, ಅವು ಯಾರವು, ಏಕೆ ಕಾಣೆಯಾಗುತ್ತಿವೆ ಎಂಬುದು ತಿಳಿಯಬೇಕಾದ ಸಂಗತಿ.

ಬಯಲು ಎಂದರೆ ಸಪಾಟಲ್ಲ

ತುಮಕೂರು ಜಿಲ್ಲೆಯ ಬಹುಭಾಗ ಬಯಲುಸೀಮೆ. ಸಮುದ್ರ ಮಟ್ಟಕ್ಕಿಂತ ಹೆಚ್ಚುಕಡಿಮೆ 800 ಮೀಟರ್ ಎತ್ತರದಲ್ಲಿರುವ ಈ ನೆಲ ದೂರದಿಂದ ನೋಡಿದರೆ ಚಾಪೆ ಹಾಸಿದಂತಿದೆ. ಸೈಕಲ್ ಹತ್ತಿದವನಿಗೆ ಮಾತ್ರ ನಿಜ ಗೊತ್ತಾಗುತ್ತದೆ. ನೆಲ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಇಳಿದ ಕಡೆಯಲ್ಲೆಲ್ಲ ಒಂದು ಕೆರೆ ಇರುತ್ತದೆ, ಇಲ್ಲವೇ ಕೆರೆ ಇದ್ದ ಗುರುತು ಇರುತ್ತದೆ.

ಇದಕ್ಕೆ ಕಾರಣ ಅಡಿಯಲ್ಲಿರುವ ಗಟ್ಟಿ ಕಲ್ಲು. ದಕ್ಷಿಣ ಕರ್ನಾಟಕದ ಬಯಲಿನ ಕೆಳಗೆ ಇರುವುದು ಭೂಮಿಯ ಅತ್ಯಂತ ಹಳೆಯ ಶಿಲೆಗಳಲ್ಲಿ ಸೇರಿದ ನೈಸ್ ಶಿಲೆ. ಅದರ ಮೇಲೆ ಹೆಚ್ಚಿನ ಕಡೆ ತೆಳುವಾದ ಕೆಂಪುಮಣ್ಣು. ಮಳೆಯ ನೀರು ಆಳಕ್ಕೆ ಬೇಗ ಇಂಗದೆ ಹರಿದು ಹೋಗುತ್ತದೆ. ಹರಿಯುವ ನೀರಿಗೆ ತಗ್ಗಿನಲ್ಲಿ ಅಡ್ಡಲಾಗಿ ಮಣ್ಣಿನ ಏರಿ ಕಟ್ಟಿದರೆ ಕೆರೆಯಾಯಿತು. ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯೂ ಹೀಗೆಯೇ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ.

ದಾರಿಗಳ ಗುಟ್ಟು ಇರುವುದೂ ಇಲ್ಲಿಯೇ. ಮಳೆಗಾಲದಲ್ಲಿ ತಗ್ಗನ್ನು ದಾಟಲು ಒಣಗಿದ, ಗಟ್ಟಿಯಾದ, ಎತ್ತರದ ಜಾಗ ಕೆರೆಯ ಏರಿಯೊಂದೇ. ಆದ್ದರಿಂದ ಊರಿನಿಂದ ಊರಿಗೆ ಹೋಗುವ ಹಳೆಯ ದಾರಿಗಳೆಲ್ಲ ದಿಣ್ಣೆಯ ಮೇಲೆ ಸಾಗಿ, ಏರಿಯ ಮೇಲೆ ತಗ್ಗನ್ನು ದಾಟಿ, ಮತ್ತೆ ದಿಣ್ಣೆ ಹತ್ತುತ್ತವೆ. ಹೆಬ್ಬೂರಿನ ಸುತ್ತ ಯಾವುದೇ ಹಳ್ಳಿಗೆ ಒಳದಾರಿ ಕೇಳಿ ನೋಡಿ. ‘ಕೆರೆ ಏರಿ ಮ್ಯಾಲೆ ಹೋಗಿ, ತೂಬಿನ ತಾವ ಬಲಕ್ಕೆ ತಿರುಗಿ’ ಎಂಬ ಉತ್ತರವೇ ಬರುತ್ತದೆ.

ಸೈಕಲ್ ಸವಾರನಿಗೆ ಇದರಿಂದ ದೊಡ್ಡ ಅನುಕೂಲ. ಎತ್ತು ಎಳೆಯಬಲ್ಲ ಏರಿನಲ್ಲಿಯೇ ಬಂಡಿದಾರಿ ಮಾಡಿರುತ್ತಾರೆ. ತುಂಬಿದ ಗಾಡಿಯನ್ನು ಎತ್ತು ಎಳೆಯುವ ಕಡೆ ಗೇರಿಲ್ಲದ ಸೈಕಲ್ಲನ್ನು ಮನುಷ್ಯನ ಕಾಲು ಎಳೆಯುತ್ತದೆ. ಬಯಲಿನಲ್ಲಿ ಸವಾರನ ನಿಜವಾದ ಎದುರಾಳಿ ಬೆಟ್ಟವಲ್ಲ, ಗಾಳಿ. ಆಷಾಢದಲ್ಲಿ ಪಶ್ಚಿಮದ ಕಡೆಗೆ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೇರಿನೆತ್ತಿನಿಂದ ನಕಾಶೆಗೆ

ಈ ದಾರಿಗಳಲ್ಲಿ ಕೆಲವು ಬಂಡಿಗಿಂತಲೂ ಹಳೆಯವು. ಒಳ್ಳೆಯ ರಸ್ತೆಗಳು ಇಲ್ಲದ ಕಾಲದಲ್ಲಿ ದೂರದ ವ್ಯಾಪಾರವೆಲ್ಲ ಹೇರಿನೆತ್ತುಗಳ ಬೆನ್ನ ಮೇಲೆ ನಡೆಯುತ್ತಿತ್ತು. ಉಪ್ಪು, ಧಾನ್ಯ ಹೊತ್ತ ಎತ್ತುಗಳ ಸಾಲು ಹಿಡಿದು ಲಂಬಾಣಿಗರು ನಾಡೆಲ್ಲ ಸುತ್ತುತ್ತಿದ್ದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಮೈಸೂರು ಸೀಮೆಯ ಸ್ಥಿತಿಗತಿ ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್, 1800ರಲ್ಲಿ ಈ ಭಾಗದಲ್ಲಿ ಸಂಚರಿಸಿ ಗುಬ್ಬಿಯ ಸಂತೆ ಮತ್ತು ವ್ಯಾಪಾರದ ಬಗ್ಗೆ ಬರೆದಿದ್ದಾನೆ. ನಾಟಕದ ಗುಬ್ಬಿ ವೀರಣ್ಣನವರಿಂದ ಊರು ಹೆಸರಾಗುವುದಕ್ಕೆ ಬಹಳ ಮೊದಲೇ ಗುಬ್ಬಿ ವ್ಯಾಪಾರದ ಊರಾಗಿತ್ತು ಎಂದಾಯಿತು. ಅಂಥ ಸಂತೆಗೆ ಸುತ್ತಲಿನ ಹಳ್ಳಿಗಳಿಂದ ಜಾಡು ಬೀಳದೆ ಇರುತ್ತದೆಯೇ?

ಮುಂದೆ ಮೈಸೂರು ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿದ್ದಾಗ, ಮುಖ್ಯವಾಗಿ ಮಾರ್ಕ್ ಕಬ್ಬನ್ ಕಾಲದಲ್ಲಿ (1834–1861), ದೊಡ್ಡ ಊರುಗಳ ನಡುವೆ ಗಾಡಿ ಓಡುವ ರಸ್ತೆಗಳಾದವು. ಹೇರಿನೆತ್ತಿನ ಕಾಲ ಮುಗಿದು ಎತ್ತಿನ ಗಾಡಿಯ ಕಾಲ ಬಂತು. ಹಳ್ಳಿಯ ಕಾಲುದಾರಿಗಳು ಅಗಲವಾಗಿ ಬಂಡಿದಾರಿಗಳಾದವು.

ಇವುಗಳಿಗೆ ಕಾಗದದ ಮೇಲೆ ಜಾಗ ಸಿಕ್ಕಿದ್ದು 1863ರಲ್ಲಿ ಮೈಸೂರಿನಲ್ಲಿ ಕಂದಾಯ ಭೂಮಾಪನ ಆರಂಭವಾದ ಮೇಲೆ. ಮುಂಬಯಿ ಪ್ರಾಂತದ ಪದ್ಧತಿಯಂತೆ 33 ಅಡಿಯ ಸರಪಳಿ ಹಿಡಿದು ಹೊಲ ಹೊಲವನ್ನೂ ಅಳೆದರು. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಂತು, ಗಡಿಗೆ ಕಲ್ಲು ಬಂತು, ಇಡೀ ಗ್ರಾಮಕ್ಕೆ ಒಂದು ನಕಾಶೆ ತಯಾರಾಯಿತು. ಆ ನಕಾಶೆಯಲ್ಲಿ ಕೆರೆ, ಹಳ್ಳ, ಗುಂಡುತೋಪುಗಳ ಜೊತೆಗೆ ದಾರಿಗಳೂ ಇವೆ. ಒಂಟಿ ತುಂಡುಗೆರೆ ಇದ್ದರೆ ಕಾಲುದಾರಿ, ಜೋಡಿ ತುಂಡುಗೆರೆ ಇದ್ದರೆ ಬಂಡಿದಾರಿ. ಹಳ್ಳಿಗಳಲ್ಲಿ ಜಗಳ ಬಂದಾಗಲೆಲ್ಲ ಕೇಳಿಬರುವ ‘ನಕಾಶೆ ಕಂಡ ದಾರಿ’ ಎಂಬ ಮಾತಿನ ಮೂಲ ಇದು.

ಸೈಕಲ್ ಬಂತು

ಇಂದಿನ ರೂಪದ ಸೈಕಲ್ ಹುಟ್ಟಿದ್ದು 1885ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿಯವರೆಗೆ ಮುಂದಿನ ಚಕ್ರ ಆಳೆತ್ತರ ಇದ್ದ ಸೈಕಲ್ಲನ್ನು ಹತ್ತುವುದೇ ಸಾಹಸವಾಗಿತ್ತು. ಜಾನ್ ಕೆಂಪ್ ಸ್ಟಾರ್ಲೆ ಎರಡೂ ಚಕ್ರಗಳನ್ನು ಹೆಚ್ಚುಕಡಿಮೆ ಒಂದೇ ಅಳತೆಗೆ ತಂದು ಹಿಂದಿನ ಚಕ್ರಕ್ಕೆ ಚೈನು ಹಾಕಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ. ಸ್ವಾತಂತ್ರ್ಯದ ನಂತರ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ (1949), ಸೋನೆಪತ್‌ನಲ್ಲಿ ಅಟ್ಲಾಸ್ (1951), ಲೂಧಿಯಾನದಲ್ಲಿ ಹೀರೊ (1956) ಆರಂಭವಾದ ಮೇಲೆ ಸೈಕಲ್ ಸಾಹೇಬರ ಬಂಗಲೆಯಿಂದ ಶಾನುಭೋಗರ, ಮೇಷ್ಟರ, ಅಂಚೆಯವರ ಮನೆಗೆ, ಅಲ್ಲಿಂದ ರೈತನ ಕೊಟ್ಟಿಗೆಗೆ ಬಂತು.

ಆ ಕಪ್ಪು ಸೈಕಲ್ಲನ್ನು ಈಗ ಮತ್ತೊಮ್ಮೆ ಗಮನಿಸಬೇಕು. 28 ಅಂಗುಲದ ದೊಡ್ಡ ಚಕ್ರ, ಗುಂಡಿಯಲ್ಲಿ ಸಿಕ್ಕಿಕೊಳ್ಳದೆ ದಾಟುತ್ತದೆ. ಒಂದೂವರೆ ಅಂಗುಲದ ಟೈರು, ಮಣ್ಣಿನಲ್ಲಿ ಅಷ್ಟಾಗಿ ಹೂಳುವುದಿಲ್ಲ. ಹಿಂದಕ್ಕೆ ಬಾಗಿದ ಚೌಕಟ್ಟು ಮತ್ತು ಸ್ಪ್ರಿಂಗ್ ಸೀಟು, ನೆಲದ ಹೊಡೆತವನ್ನು ನುಂಗುತ್ತವೆ. ಚೈನಿಗೆ ಪೂರ್ತಿ ಮುಚ್ಚಳ ಇರುವುದರಿಂದ ಕೆಂಪುಧೂಳು ಒಳಗೆ ಹೋಗುವುದಿಲ್ಲ. ಇದು ಕೆಟ್ಟ ರಸ್ತೆಗೆಂದೇ ಮಾಡಿದ ಗಾಡಿ.

ಗಂಟೆಗೆ ಇಷ್ಟೆಂದು ಬಾಡಿಗೆಗೆ ಕೊಡುವ ಸೈಕಲ್ ಅಂಗಡಿಗಳು, ಬಾರಿನ ಕೆಳಗೆ ಕಾಲು ತೂರಿಸಿ ‘ಒಳಪೆಡಲು’ ತುಳಿಯುತ್ತಿದ್ದ ಹುಡುಗರು, ಮಂಡಿ ತರಚಿದ ಗಾಯಕ್ಕೆ ಹಚ್ಚುತ್ತಿದ್ದ ಸುಣ್ಣ, ಇವೆಲ್ಲ ನಮ್ಮ ತಂದೆಯವರ ತಲೆಮಾರಿನ ನೆನಪುಗಳು. ನಮ್ಮ ತಲೆಮಾರಿನ ನೆನಪು ಬೇರೆ. 2006–07ರಲ್ಲಿ ರಾಜ್ಯ ಸರ್ಕಾರ ಶಾಲಾ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭಿಸಿತು. ಎಂಟನೆಯ ತರಗತಿಗೆ ಬಂದರೆ ಸೈಕಲ್ ಸಿಗುತ್ತದೆ ಎಂಬುದೇ ಅನೇಕ ಹೆಣ್ಣುಮಕ್ಕಳು ಹೈಸ್ಕೂಲು ಮುಂದುವರಿಸಲು ಒಂದು ಆಸರೆಯಾಯಿತು. ಬಸ್ಸಿಲ್ಲದ ಹಳ್ಳಿಯಿಂದ ಹೋಬಳಿಯ ಹೈಸ್ಕೂಲಿಗೆ ಅವರು ಬಂದದ್ದು ಡಾಂಬರು ರಸ್ತೆಯಲ್ಲಿ ಸುತ್ತಿಕೊಂಡಲ್ಲ, ಇದೇ ಒಳದಾರಿಗಳಲ್ಲಿ, ನಾಲ್ಕೈದು ಮಂದಿ ಜೊತೆಗೂಡಿ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು.

ಇತ್ತ ಹೊರಜಗತ್ತಿನಲ್ಲಿ ಮಣ್ಣುದಾರಿಯ ಸವಾರಿ ಒಂದು ಕ್ರೀಡೆಯಾಗಿತ್ತು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಗುಜರಿಗೆ ಹೋಗಬೇಕಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡಕ್ಕೆ ಒಯ್ದು ಇಳಿಜಾರಿನಲ್ಲಿ ಪಂದ್ಯ ಕಟ್ಟಿದರು. ಅದರಿಂದ ‘ಮೌಂಟನ್ ಬೈಕ್’ ಹುಟ್ಟಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದು ಸ್ಪರ್ಧೆಯೂ ಆಯಿತು. ಬೆಟ್ಟವಿಲ್ಲದ ಬಯಲಿನಲ್ಲಿ ಕ್ರೀಡೆಯೇ ಎಂದು ಕೇಳುವವರು ನಮ್ಮ ವಿಜಯಪುರ, ಬಾಗಲಕೋಟೆಗಳ ಕಡೆ ನೋಡಬಹುದು. ರಾಜ್ಯದ ಒಳ್ಳೆಯ ಸೈಕಲ್ ಪಟುಗಳಲ್ಲಿ ಬಹಳ ಮಂದಿ ಬಂದದ್ದು ಆ ಬಯಲಿನ ಹಳ್ಳಿಗಳಿಂದಲೇ.

ದಾರಿ ನಿಂತಲ್ಲಿ

ಕಳೆದ ಚಳಿಗಾಲದಲ್ಲಿ ನಾನು ಹೆಬ್ಬೂರಿನಿಂದ ಗೂಳೂರಿನ ಕಡೆಗೆ ಸಾಧ್ಯವಾದಷ್ಟೂ ಡಾಂಬರು ಮುಟ್ಟದೆ ಹೋಗಬೇಕೆಂದು ಹೊರಟೆ. ಗೂಳೂರು ತಿಂಗಳುಗಟ್ಟಲೆ ಪೂಜೆಗೊಳ್ಳುವ ಮಣ್ಣಿನ ದೊಡ್ಡ ಗಣಪತಿಗೆ ಹೆಸರಾದ ಊರು. ಅದರ ಹತ್ತಿರದ ಕೈದಾಳದಲ್ಲಿ ಹೊಯ್ಸಳರ ಕಾಲದ, 12ನೇ ಶತಮಾನದ ಚೆನ್ನಕೇಶವ ದೇವಾಲಯವಿದೆ. ಜಕಣಾಚಾರಿ ಕಳೆದುಕೊಂಡ ಕೈ ಮರಳಿ ಬಂದದ್ದು ಇಲ್ಲಿ, ಅದರಿಂದಲೇ ಊರಿಗೆ ಕೈದಾಳ ಎಂಬ ಹೆಸರು ಎಂದು ಐತಿಹ್ಯ. ಸೈಕಲ್ಲಿನಲ್ಲಿ ಹೋಗಿ ನೋಡಿ ಬರಲು ಹೇಳಿ ಮಾಡಿಸಿದ ದೂರ.

ಮೊದಲ ಅರ್ಧ ಗಂಟೆ ಸೊಗಸಾಗಿತ್ತು. ರಾಗಿ ಕೊಯ್ಲು ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಮುಂದೆ ಒಂದು ತೋಟದ ಬಳಿ ಜಾಡು ತಟ್ಟನೆ ನಿಂತಿತು. ಹೊಸ ಕಲ್ಲುಕಂಬ, ಐದೆಳೆ ಮುಳ್ಳುತಂತಿ. ತಂತಿಯ ಆಚೆ ಎಳೆಯ ಅಡಿಕೆ ಸಸಿಗಳ ನಡುವೆ ಜಾಡಿನ ಗುರುತು ಇನ್ನೂ ಸ್ವಲ್ಪ ಕಾಣುತ್ತಿತ್ತು. ಹಿಂದಿರುಗುವಾಗ ಎರಡೂ ಟೈರಿನಲ್ಲಿ ನೆಗ್ಗಿಲು ಮುಳ್ಳು.

ಸೈಕಲ್ ತಳ್ಳಿಕೊಂಡು ಬರುವಾಗ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. ‘ಯಾವೂರಪ್ಪಾ ನಿಂದು? ಈ ದಾರಿ ಓಗದಿಲ್ಲ ಕಣಪ್ಪಾ, ಮುಚ್ಚವ್ರೆ’ ಎಂದರು. ‘ಹಿಂದೆ ಎಲ್ಲಿಗೆ ಹೋಗುತ್ತಿತ್ತು ತಾತ?’ ಎಂದು ಕೇಳಿದೆ. ‘ಸಂತೇಗೆ’ ಎಂದು ಒಂದೇ ಮಾತು ಹೇಳಿ ಕುರಿಗಳ ಹಿಂದೆ ನಡೆದರು.

ದಾರಿ ಸಾಮಾನ್ಯವಾಗಿ ಹೀಗೆ ಒಂದೇ ದಿನ ಸಾಯುವುದಿಲ್ಲ. ಮೊದಲು ಗಾಡಿ ನಿಲ್ಲುತ್ತದೆ. ಎತ್ತಿನ ಗಾಡಿ ಓಡುತ್ತಿರುವವರೆಗೆ ಅದರ ಗಾಲಿಯೇ ದಾರಿಯನ್ನು ತುಳಿದು ಗಟ್ಟಿಯಾಗಿ ಇಡುತ್ತದೆ. ಗಾಡಿ ಹೋಗಿ ಮೋಟಾರ್ ಸೈಕಲ್ ಬಂದರೆ ಅದಕ್ಕೆ ಒಂದು ಗೀಟು ಸಾಕು. ಆಗ ಎರಡೂ ಬದಿಯ ನೇಗಿಲು ವರ್ಷಕ್ಕೊಂದು ಸಾಲು ಒಳಕ್ಕೆ ಬರುತ್ತದೆ. ಬಂಡಿದಾರಿ ಕಾಲುದಾರಿಯಾಗುತ್ತದೆ, ಕಾಲುದಾರಿ ಬದುವಾಗುತ್ತದೆ. ಕೊನೆಗೆ ಬೇಲಿ ಬೀಳುತ್ತದೆ. ಎಂಟು ಅಡಿ ಅಗಲದ ದಾರಿಯ ಒಂದು ಕಿಲೋಮೀಟರ್ ಉದ್ದದಲ್ಲಿ ಸುಮಾರು 24 ಗುಂಟೆ ನೆಲ ಇರುತ್ತದೆ. ತುಮಕೂರಿಗೂ ಬೆಂಗಳೂರಿಗೂ ಹತ್ತಿರವಾದ ಈ ಸೀಮೆಯಲ್ಲಿ ನೆಲದ ಬೆಲೆ ಬಲ್ಲವರಿಗೆ ಆ 24 ಗುಂಟೆಯ ಆಸೆ ಏನೆಂದು ಅರ್ಥವಾಗುತ್ತದೆ.

ದಾರಿ ಯಾರದು?

ಇಲ್ಲಿ ಮೂರು ಬಗೆಯ ದಾರಿಗಳನ್ನು ಬೇರೆ ಮಾಡಿ ನೋಡಬೇಕು.

ಮೊದಲನೆಯದು ನಕಾಶೆ ಕಂಡ ದಾರಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಆಸ್ತಿ. ಅಕ್ಕಪಕ್ಕದ ಹೊಲದವರು ಅದನ್ನು ಉತ್ತುಕೊಂಡರೆ ಒತ್ತುವರಿ. ಅಲ್ಲಿ ನಡೆಯಲು, ಸೈಕಲ್ ತುಳಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಎರಡನೆಯದು ರೂಢಿಯ ದಾರಿ. ಇದು ನಕಾಶೆಯಲ್ಲಿ ಇರುವುದಿಲ್ಲ. ಆದರೆ ಹಿಂದಿನ ಹೊಲದವರು ಮುಂದಿನ ಹೊಲದ ಅಂಚಿನಲ್ಲಿ ತಲೆಮಾರಿನಿಂದ ಓಡಾಡುತ್ತಿರುತ್ತಾರೆ. 1882ರ ಅನುಭೋಗದ ಹಕ್ಕುಗಳ ಕಾಯ್ದೆ ಪ್ರಕಾರ, ಬಹಿರಂಗವಾಗಿ, ತಂಟೆತಕರಾರಿಲ್ಲದೆ, ಹಕ್ಕಿನಿಂದ 20 ವರ್ಷ ಹೀಗೆ ಓಡಾಡಿದ್ದರೆ ಅದು ಹಕ್ಕಾಗುತ್ತದೆ. ಸರ್ಕಾರಿ ಜಾಗವಾದರೆ 30 ವರ್ಷ. ಒಂದು ಮಾತನ್ನು ಮರೆಯಬಾರದು. ಈ ಹಕ್ಕು ಹಿಂದಿನ ಹೊಲದ ಒಡೆಯನಿಗೆ ಆ ಹೊಲದ ಸಲುವಾಗಿ ಇರುವುದು. ರಜೆಗೆ ಬಂದ ಸೈಕಲ್ ಸವಾರನಿಗಲ್ಲ.

ಮೂರನೆಯದು ಬರಿಯ ಒಪ್ಪಿಗೆಯ ದಾರಿ. ಬೆಳೆ ಇಲ್ಲದಾಗ ಹೊಲದೊಳಗೆ ಅಡ್ಡಹಾಯಲು ರೈತ ಬಿಡುತ್ತಾನೆ, ಬಿತ್ತಿದ ಮೇಲೆ ಮುಳ್ಳು ಹಾಕುತ್ತಾನೆ. ಅದು ಅವನ ದೊಡ್ಡತನ, ನಮ್ಮ ಹಕ್ಕಲ್ಲ.

ನನ್ನನ್ನು ತಡೆದ ತಂತಿ ಯಾವ ಬಗೆಯ ದಾರಿಯ ಮೇಲಿತ್ತು ಎಂಬುದನ್ನು ನಕಾಶೆ ನೋಡದೆ ಹೇಳುವುದು ತಪ್ಪು. ನಕಾಶೆ ನೋಡುವುದು ಈಗ ಕಷ್ಟವೂ ಅಲ್ಲ. ರಾಜ್ಯದ ಭೂಮಾಪನ ಇಲಾಖೆ ಗ್ರಾಮ ನಕಾಶೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಅದರ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ.

ದಾರಿ ಮುಚ್ಚಿದರೆ ನಷ್ಟ ಮೊದಲು ತಟ್ಟುವುದು ಸಣ್ಣ ರೈತನಿಗೆ. ಗೊಬ್ಬರ ಹೊಲಕ್ಕೆ ಹೋಗುವುದಿಲ್ಲ, ಬೆಳೆ ಮನೆಗೆ ಬರುವುದಿಲ್ಲ, ಕೊಯ್ಲಿನ ಯಂತ್ರ ಒಳಗೆ ಬರುವುದಿಲ್ಲ. ಇಂಥ ದೂರುಗಳು ಹೆಚ್ಚಿದ ಕಾರಣ 2023ರಲ್ಲಿ ಕಂದಾಯ ಇಲಾಖೆ ತಹಸೀಲ್ದಾರರಿಗೆ ಸುತ್ತೋಲೆ ಹೊರಡಿಸಿ, ನಕಾಶೆ ಕಂಡ ಕಾಲುದಾರಿ, ಬಂಡಿದಾರಿಗಳಲ್ಲಿ ರೈತರು ತಿರುಗಾಡಲು ಅವಕಾಶ ಮಾಡಿಕೊಡಬೇಕೆಂದು ಸೂಚಿಸಿತು. ಉದ್ಯೋಗ ಖಾತ್ರಿ ಯೋಜನೆಯಡಿ ‘ನಮ್ಮ ಹೊಲ ನಮ್ಮ ದಾರಿ’ ಹೆಸರಿನಲ್ಲಿ ಅನೇಕ ಹೊಲದ ದಾರಿಗಳಿಗೆ ಮಣ್ಣು, ಜಲ್ಲಿ ಬಿದ್ದದ್ದೂ ಉಂಟು.

ಇಂಗ್ಲೆಂಡಿನಲ್ಲಿಯೂ ಇದೇ ಸಮಸ್ಯೆ ಬಂದಿತ್ತು. ಅಲ್ಲಿ 1949ರ ಕಾಯ್ದೆಯೊಂದು ಪ್ರತಿ ಜಿಲ್ಲೆಯ ಸಾರ್ವಜನಿಕ ದಾರಿಗಳನ್ನೂ ಅಧಿಕೃತ ನಕಾಶೆಯಲ್ಲಿ ದಾಖಲಿಸಲು ಆದೇಶಿಸಿತು. 1968ರ ಕಾಯ್ದೆ ಕುದುರೆಗಳಿಗೆಂದು ಇದ್ದ ದಾರಿಗಳಲ್ಲಿ ಸೈಕಲ್ ಸವಾರರಿಗೂ ಹಕ್ಕು ಕೊಟ್ಟಿತು, ನಡೆಯುವವರಿಗೂ ಕುದುರೆಯವರಿಗೂ ಅವರು ದಾರಿ ಬಿಡಬೇಕೆಂಬ ಷರತ್ತಿನೊಡನೆ. ಆದರೆ 2000ದಲ್ಲಿ ಬಂದ ಕಾಯ್ದೆ, ನಕಾಶೆಗೆ ಸೇರದ ಹಳೆಯ ದಾರಿಗಳ ಹಕ್ಕು 2026ಕ್ಕೆ ಕೊನೆಗೊಳ್ಳುತ್ತದೆ ಎಂದಿತು. ಆಗ ಅಲ್ಲಿನ ನಡಿಗೆಯ ಸಂಘದವರು ಹಳೆಯ ನಕಾಶೆಗಳನ್ನು ಹುಡುಕಿ ಸಾವಿರಾರು ಮೈಲಿ ದಾರಿಗಳನ್ನು ಪತ್ತೆ ಮಾಡಿದರು. ಗಡುವು 2031ಕ್ಕೆ ಹೋಯಿತು. 2024ರ ಕೊನೆಯಲ್ಲಿ ಸರ್ಕಾರ ಅದನ್ನು ರದ್ದು ಮಾಡುವುದಾಗಿಯೇ ಘೋಷಿಸಿತು. ಹವ್ಯಾಸಕ್ಕೆ ನಡೆಯುವವರು ಹಳ್ಳಿಯವರ ಹಕ್ಕನ್ನೂ ಉಳಿಸಬಹುದು ಎಂಬುದಕ್ಕೆ ಇದು ಉದಾಹರಣೆ.

ಸವಾರರಿಗೆ ಒಂದಿಷ್ಟು

ಬಂಡಿ ಜಾಡಿನಲ್ಲಿ ಸೈಕಲ್ ತುಳಿಯಬೇಕೆನ್ನುವವರಿಗೆ ನವೆಂಬರ್‌ನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆಯ ಮರುದಿನ ಕೆಂಪುಮಣ್ಣು ಬೇಗ ಆರುತ್ತದೆ. ಕೆರೆಯಂಗಳದ ಜೇಡಿಮಣ್ಣು ಮಾತ್ರ ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ಹೊರುವಂತೆ ಮಾಡುತ್ತದೆ. ಮೆದು ಮಣ್ಣಿನಲ್ಲಿ ಟೈರಿನ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಹೂಳುವುದಿಲ್ಲ. ಜಾಲಿ ಮುಳ್ಳಿಗೂ ನೆಗ್ಗಿಲಿಗೂ ಮದ್ದೆಂದರೆ ಚೀಲದಲ್ಲಿ ಒಂದು ಪಂಪು, ಎರಡು ಟ್ಯೂಬು. ದಾರಿಯಲ್ಲಿ ಒಕ್ಕಣೆಗೆ ಹರಡಿದ ಹುರುಳಿಯೋ ರಾಗಿ ತೆನೆಯೋ ಇದ್ದರೆ ಇಳಿದು ಬದಿಯಲ್ಲಿ ತಳ್ಳಿಕೊಂಡು ಹೋಗಬೇಕು. ಹುಲ್ಲು ಚೈನಿಗೆ ಸುತ್ತಿಕೊಳ್ಳುವುದು ಒಂದು ಕಾರಣ, ಅದು ಇನ್ನೊಬ್ಬರ ಅನ್ನ ಎಂಬುದು ಇನ್ನೂ ದೊಡ್ಡ ಕಾರಣ. ದಾರಿಗೆ ಅಡ್ಡ ಇಟ್ಟ ತಡಿಕೆ ತೆಗೆದರೆ ಮತ್ತೆ ಅಲ್ಲಿಯೇ ಇಡಬೇಕು.

ಬೆಳಕು ಇರುವಾಗಲೇ ಊರು ಸೇರುವುದು ಮುಖ್ಯ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಈ ಭಾಗದ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಹಲವರು ಬಲಿಯಾದರು. ಆ ದಿನಗಳಲ್ಲಿ ಸಂಜೆಯಾದರೆ ಹೊಲದ ಕಡೆ ಹೋಗಲು ಜನ ಹೆದರುತ್ತಿದ್ದರು. ಆ ಭಯ ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ. ಹೊರಗಿನಿಂದ ಬಂದವರು ಅದನ್ನು ಹಗುರವಾಗಿ ಕಾಣಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ದಾರಿ ಕೇಳುವುದು. ಫೋನಿನ ನಕಾಶೆಯಲ್ಲಿ ಈ ಜಾಡುಗಳಲ್ಲಿ ಬಹಳಷ್ಟು ಇಲ್ಲ. ಅವು ಇರುವುದು ಕಂದಾಯ ಇಲಾಖೆಯ ಹಾಳೆಯಲ್ಲಿ ಮತ್ತು ಊರ ಹಿರಿಯರ ಬಾಯಲ್ಲಿ. ಹಾಳೆ ಉಳಿಯುತ್ತದೆ, ಬಾಯಿಗೆ ವಯಸ್ಸಾಗಿದೆ. ನಾಲ್ಕು ಮಂದಿ ಓಡಾಡಿದರೆ ದಾರಿ, ಇಲ್ಲದಿದ್ದರೆ ಹೊಲ. ಹುಲ್ಲಿನ ಹೊರೆ ಕಟ್ಟಿಕೊಂಡು ದಿನವೂ ಹುಣಸೆ ಮರದ ಪಕ್ಕ ಇಳಿಯುವ ಆ ಹಿರಿಯರು ತಮಗೆ ತಿಳಿಯದೆಯೇ ಒಂದು ಬಂಡಿದಾರಿಯನ್ನು ಕಾಯುತ್ತಿದ್ದಾರೆ. ಅವರ ಹಿಂದೆ ಇನ್ನೊಂದೆರಡು ಸೈಕಲ್ಲುಗಳು ಇಳಿದರೆ ಆ ದಾರಿಗೆ ಇನ್ನಷ್ಟು ಆಯುಷ್ಯ.